ಮರಳಿ ಬಂದವನು ಮತ್ತು ಮನೆಯಲ್ಲಿ ಉಳಿದವನು
(ವಿದೇಶದಿಂದ ಹಿಂದಿರುಗಿದವರ ಪಾತ್ರಚಿತ್ರಣವನ್ನು ಕುರಿತು)

೧

ಊರು ಬಿಟ್ಟು ಹೋಗುವವನನ್ನು ಕುರಿತು ನಮ್ಮ ಸಾಹಿತ್ಯವು ಬೇಕಾದಷ್ಟು ಬರೆದಿದೆ. ಬೀಳ್ಕೊಡುಗೆಯ ಕಣ್ಣೀರು, ಸಮುದ್ರಯಾನ, ಹೊಸ ನಾಡಿನ ಬೆರಗು, ಅಲ್ಲಿಯ ಏಕಾಕಿತನ ಇವೆಲ್ಲ ಕಥೆ, ಕವಿತೆ, ಪ್ರವಾಸಕಥನಗಳಿಗೆ ಹಿಂದಿನಿಂದಲೂ ಒದಗಿಬಂದ ವಸ್ತುಗಳು. ಆದರೆ ಹೋದವನು ಹಿಂದಿರುಗಿ, ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿ, ಮತ್ತೆ ಮನೆಯವರಲ್ಲಿ ಒಬ್ಬನಾಗಿ ಬಾಳತೊಡಗುವ ಕಾಲವಿದೆಯಲ್ಲ, ಅದರ ಚಿತ್ರ ನಮ್ಮಲ್ಲಿ ವಿರಳವೇ ಸರಿ. ಪ್ರವಾಸಕಥನಕ್ಕಂತೂ ಈ ಕೆಲಸ ಸ್ವಭಾವತಃ ಒಗ್ಗುವುದಿಲ್ಲ. ಸಾಹಿತ್ಯ ಅಕಾಡೆಮಿಯ ೧೯೮೦ರ ಪ್ರಶಸ್ತಿಯನ್ನು ಪಡೆದ ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕದಲ್ಲಿ ಗೊರೂರು' ಎಷ್ಟೇ ಆತ್ಮೀಯವಾಗಿದ್ದರೂ ಅದು ನೋಡಿಬರಲು ಹೋದ ಹಿರಿಯರೊಬ್ಬರ ಬರಹ. ನೋಡಿಬರಲು ಹೋದವನಿಗೆ ಮನೆ ಕೈತಪ್ಪುವ ಭಯವಿಲ್ಲ. ಬಾಳಲು ಹೋದವನು ಮರಳಿದಾಗಲೇ ಪ್ರಶ್ನೆ ಹುಟ್ಟುವುದು.

ಆ ಪ್ರಶ್ನೆಯನ್ನು ಹೀಗೆ ಇಡಬಹುದು: ಮರಳಿದವನು ಮರಳಿದಂತಾಗುವುದು ಯಾವಾಗ? ಬಂದರಿನಲ್ಲಿಯೋ ವಿಮಾನ ನಿಲ್ದಾಣದಲ್ಲಿಯೋ ಇಳಿದ ದಿನವೇ ಅಲ್ಲವೆಂಬುದನ್ನು ಅನುಭವಿಗಳೆಲ್ಲ ಬಲ್ಲರು. ಹಾಗಾದರೆ ಯಾವ ದಿನ?

ಹಳೆಯ ಸಮಾಜದಲ್ಲಿ ಇದಕ್ಕೆ ಖಚಿತವಾದ ಉತ್ತರವಿತ್ತು. ಸಮುದ್ರಯಾನವು ನಿಷಿದ್ಧವೆಂದು ನಂಬಿದ ಜಾತಿಗಳು ಹೋದವನನ್ನು ಹೊರಗಿಡುತ್ತಿದ್ದವು. ಮರಳಿದ ಮೇಲೆ ಪ್ರಾಯಶ್ಚಿತ್ತ ಮಾಡಿಸಿ, ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿ ಒಳಗೆ ಸೇರಿಸಿಕೊಳ್ಳುತ್ತಿದ್ದವು. ೧೮೮೮ರಲ್ಲಿ ಗಾಂಧೀಜಿಯವರು ಇಂಗ್ಲೆಂಡಿಗೆ ಹೊರಟಾಗ ಇದೇ ಮುಂಬಯಿಯಲ್ಲಿ ಅವರ ಜಾತಿಯ ಸಭೆ ಬಹಿಷ್ಕಾರ ವಿಧಿಸಿತು. ೧೮೯೧ರಲ್ಲಿ ಅವರು ಬ್ಯಾರಿಸ್ಟರರಾಗಿ ಹಿಂದಿರುಗಿದಾಗ ಅಣ್ಣನವರು ಅವರನ್ನು ನಾಸಿಕಕ್ಕೆ ಕರೆದೊಯ್ದು ತೀರ್ಥಸ್ನಾನ ಮಾಡಿಸಿದರು. ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದರು. ಈ ಪದ್ಧತಿಯಲ್ಲಿದ್ದ ಅನ್ಯಾಯ ಸ್ಪಷ್ಟವಾಗಿದೆ. ಅದು ಅಳಿದುಹೋದದ್ದು ಒಳ್ಳೆಯದೇ ಆಯಿತು. ಆದರೂ ಅದರಲ್ಲಿ ಒಂದು ಅನುಕೂಲವಿತ್ತೆಂಬುದನ್ನು ಮರೆಯಲಾಗದು. ಯಾವ ಸ್ನಾನದಿಂದ, ಯಾವ ಊಟದಿಂದ ತನ್ನ ಹೊರಗಿರುವಿಕೆ ಕೊನೆಗೊಂಡಿತೆಂಬುದು ಮರಳಿದವನಿಗೂ ತಿಳಿಯುತ್ತಿತ್ತು, ಮನೆಯವರಿಗೂ ತಿಳಿಯುತ್ತಿತ್ತು. ಆ ವಿಧಿ ಹೋದ ಮೇಲೆ ಮರಳುವಿಕೆಗೆ ಆರಂಭವಿದೆ, ಮುಕ್ತಾಯವಿಲ್ಲದಂತಾಗಿದೆ.

ಎರಡನೆಯ ಉತ್ತರ ಕಾನೂನಿನದು. ೧೯೯೯ರ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆಯು ಮರಳಿದವನ ಉದ್ದೇಶವನ್ನು ನೋಡುತ್ತದೆ. ಉದ್ಯೋಗಕ್ಕಾಗಿಯೋ ವ್ಯವಹಾರಕ್ಕಾಗಿಯೋ ಬಂದವನನ್ನು, ಇಲ್ಲವೆ ಅನಿಶ್ಚಿತ ಅವಧಿಯವರೆಗೆ ಇಲ್ಲಿಯೇ ಇರುವ ಇಂಗಿತವು ಸಂದರ್ಭದಿಂದ ತೋರುವವನನ್ನು ಅದು ನಿವಾಸಿಯೆಂದು ಎಣಿಸುತ್ತದೆ. ೧೯೬೧ರ ಆದಾಯ ತೆರಿಗೆ ಕಾಯಿದೆಯಾದರೋ ದಿನಗಳನ್ನು ಲೆಕ್ಕ ಹಾಕಿ, ನಡುವೆ ಒಂದು ವಿಚಿತ್ರವಾದ ವರ್ಗವನ್ನು ಕಲ್ಪಿಸಿತ್ತು: 'ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ'. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವನು ಬಂದೊಡನೆ ಪೂರ್ತಿಯಾಗಿ ಇಲ್ಲಿಯವನಾಗುವುದಿಲ್ಲವೆಂಬುದು ಅದರ ಅಭಿಪ್ರಾಯ. ಬ್ಯಾಂಕಿನ ಮೇಜಿನ ಈಚೆಗೆ ಕುಳಿತು ಇಂಥವರ ಖಾತೆಗಳನ್ನು ನೋಡಿದವರಿಗೆ ಈ ವರ್ಗದ ಹೆಸರು ಬರಿಯ ಕಾನೂನಿನ ಪರಿಭಾಷೆಯಾಗಿ ತೋರುವುದಿಲ್ಲ. ಮರಳಿ ಬಂದವರು ಅನಿವಾಸಿ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಾಯಿಸಬೇಕೆಂಬುದು ನಿಯಮ. ಆ ಅರ್ಜಿಗೆ ಸಹಿ ಮಾಡುವಾಗ ಬಡ್ಡಿಗಾಗಿಯೂ ತೆರಿಗೆಗಾಗಿಯೂ ಹಿಂದೆಗೆಯುವವರು ಉಂಟು. ಆದರೆ ನಷ್ಟವೇನೂ ಇಲ್ಲದಿದ್ದರೂ "ಇನ್ನು ಸ್ವಲ್ಪ ದಿನ ಹೀಗೆಯೇ ಇರಲಿ" ಎನ್ನುವವರೂ ಉಂಟು. ಅವರ ಹಿಂಜರಿತಕ್ಕೆ ಹಣ ಕಾರಣವಲ್ಲ.

ಪುರೋಹಿತನ ಉತ್ತರ ಕಳೆದುಹೋಗಿದೆ. ಅಧಿಕಾರಿಯ ಉತ್ತರ ಸಾಲದು. ಮೂರನೆಯ ಉತ್ತರಕ್ಕಾಗಿ ಕಾದಂಬರಿಕಾರನ ಬಳಿಗೆ ಹೋಗಬೇಕಾಗಿದೆ. ಪ್ರಕೃತ ಲೇಖನದ ಉದ್ದೇಶ ಅದೇ.

೨

ವಿದೇಶದಿಂದ ಮರಳಿದವನನ್ನು ನಾಯಕನನ್ನಾಗಿ ಮಾಡಿದ ಎರಡು ಕಾದಂಬರಿಗಳು ಐದು ವರ್ಷಗಳ ಅಂತರದಲ್ಲಿ ಪ್ರಕಟವಾದವು: ಎಸ್. ಎಲ್. ಭೈರಪ್ಪನವರ 'ತಬ್ಬಲಿಯು ನೀನಾದೆ ಮಗನೆ' (೧೯೬೮), ಯು. ಆರ್. ಅನಂತಮೂರ್ತಿಯವರ 'ಭಾರತೀಪುರ' (೧೯೭೩). ಈ ಇಬ್ಬರು ಲೇಖಕರ ದೃಷ್ಟಿಗಳು ಪರಸ್ಪರ ವಿರುದ್ಧವೆಂಬುದು ಎಲ್ಲರೂ ಬಲ್ಲ ಸಂಗತಿ. ವಿಮರ್ಶಕರು ಆ ವಿರೋಧವನ್ನೇ ಹಿಡಿದು ಈ ಕೃತಿಗಳನ್ನು ಪರಂಪರೆಯ ಪಕ್ಷ, ಪ್ರಗತಿಯ ಪಕ್ಷ ಎಂದು ವಿಂಗಡಿಸುವುದುಂಟು. ಆದರೆ ಮರಳುವಿಕೆಯ ಕಥೆಗಳೆಂದು ಇವನ್ನು ಜೊತೆಯಲ್ಲಿಟ್ಟು ಓದಿದರೆ, ಎರಡಕ್ಕೂ ಸಮಾನವಾದ ಒಂದು ಕೊರತೆ ಎದ್ದು ಕಾಣುತ್ತದೆ.

ಭೈರಪ್ಪನವರ ಕಾಳಿಂಗನು ಅಮೆರಿಕದಲ್ಲಿ ಕೃಷಿವಿದ್ಯೆಯನ್ನು ಕಲಿತು, ಅಲ್ಲಿಯ ಹಿಲ್ಡಾಳನ್ನು ಮದುವೆಯಾಗಿ, ತನ್ನ ಹಳ್ಳಿಗೆ ಹಿಂದಿರುಗುತ್ತಾನೆ. ಗೋವು ತಾಯಿಯೆಂದು ನಂಬಿದ ಮನೆತನ ಅವನದು. ಗೋವು ಪಶುಸಂಪತ್ತೆಂದು ಕಲಿತ ವಿದ್ಯೆ ಅವನದು. ಈ ಎರಡರ ತಿಕ್ಕಾಟವನ್ನು ಲೇಖಕರು ಪುಣ್ಯಕೋಟಿಯ ಹಾಡಿನ ನೆರಳಿನಲ್ಲಿ ಬಲವಾಗಿ ಬೆಳೆಸಿದ್ದಾರೆ. ಕೃತಿಯ ಶಕ್ತಿ ಇರುವುದೂ ಅಲ್ಲಿಯೇ. ೧೯೭೭ರಲ್ಲಿ ಬಿ. ವಿ. ಕಾರಂತ, ಗಿರೀಶ ಕಾರ್ನಾಡರು ಅದನ್ನು ಕನ್ನಡ ಹಿಂದಿಗಳೆರಡರಲ್ಲಿಯೂ ಚಲನಚಿತ್ರವಾಗಿಸಿದಾಗಲೂ ಆ ತಿಕ್ಕಾಟವೇ ಕೇಂದ್ರದಲ್ಲಿತ್ತು.

ಆದರೆ ಮರಳಿದವನಾಗಿ ಕಾಳಿಂಗನು ಎಷ್ಟರ ಮಟ್ಟಿಗೆ ಪರೀಕ್ಷೆಗೆ ಒಳಗಾಗಿದ್ದಾನೆ? ಅವನ ತಾಯಿ ಮೂಗಿ. ಈ ಕಲ್ಪನೆಗೆ ಅದರದೇ ಆದ ಮಹತ್ತ್ವವಿದೆ. ಗೋವಿನ ಮೂಕತನವೂ ತಾಯಿಯ ಮೂಕತನವೂ ಒಂದನ್ನೊಂದು ಪ್ರತಿಬಿಂಬಿಸುತ್ತವೆ. ಆದರೂ ಅದರಿಂದ ಆಗಿರುವ ನಷ್ಟವನ್ನು ಗಮನಿಸಬೇಕು. ವರ್ಷಗಟ್ಟಲೆ ದೂರವಿದ್ದ ಮಗನನ್ನು ತಾಯಿಯೊಬ್ಬಳು ಏನೆಂದು ಕೇಳುತ್ತಿದ್ದಳು? ನೀನಿಲ್ಲದಾಗ ಈ ಮನೆಯಲ್ಲಿ ಹೀಗೆ ಹೀಗೆ ಆಯಿತೆಂದು ಯಾವ ವೃತ್ತಾಂತವನ್ನು ಹೇಳುತ್ತಿದ್ದಳು? ಕಾದಂಬರಿಯ ಏರ್ಪಾಡೇ ಆ ಮಾತನ್ನು ಅಸಾಧ್ಯಗೊಳಿಸಿದೆ. ಮೇಲಾಗಿ, ಪರದೇಶದ ಪರವಾಗಿ ಆಡಬೇಕಾದ ಕಠಿಣವಾದ ಮಾತುಗಳನ್ನೂ ಮಾಡಬೇಕಾದ ಕಠಿಣವಾದ ಕೃತ್ಯಗಳನ್ನೂ ಬಹುಮಟ್ಟಿಗೆ ಹಿಲ್ಡಾಳಿಗೆ ವಹಿಸಲಾಗಿದೆ. ಗೋವಿನ ಹತ್ಯೆ ಅವಳಿಂದ ಆದೊಡನೆ ಅಪರಾಧವೂ ಅವಳದಾಗುತ್ತದೆ. ಕಾಳಿಂಗನು ಇಬ್ಬರ ನಡುವೆ ಸಿಕ್ಕಿಕೊಂಡವನಾಗುತ್ತಾನೆ. ಪರದೇಶವು ಅವನೊಳಗೆ ಎಷ್ಟು ಇಳಿದಿದೆಯೆಂಬ ವಿಚಾರವು ಅವನ ಹೆಂಡತಿ ಎಂಥವಳೆಂಬ ವಿಚಾರದಲ್ಲಿ ಕರಗಿಹೋಗುತ್ತದೆ. ಹೆಂಡತಿಯನ್ನು ಕರೆತರದೆ ಒಬ್ಬನೇ ಬಂದಿದ್ದರೆ ಕಾಳಿಂಗನು ಏನಾಗುತ್ತಿದ್ದನೆಂದು ಕೇಳಿಕೊಂಡರೆ ಈ ಮಾತಿನ ಸತ್ಯ ತಿಳಿಯುತ್ತದೆ.

'ಭಾರತೀಪುರ'ದ ಜಗನ್ನಾಥನು ಹಾಗೆ ಒಬ್ಬನೇ ಬಂದವನು. ಇಂಗ್ಲೆಂಡಿನ ಗೆಳತಿ ಮಾರ್ಗರೆಟ್ ಅಲ್ಲಿಯೇ ಉಳಿದಿದ್ದಾಳೆ. ಅವನ ಪತ್ರಗಳನ್ನು ಪಡೆಯುವವಳಾಗಿ ಮಾತ್ರ ಕಾದಂಬರಿಯಲ್ಲಿದ್ದಾಳೆ. ಆದಕಾರಣ ಇಲ್ಲಿ ಹೊರಗಿನದು ನಾಯಕನ ಒಳಗೇ ಇದೆ. ಇದು ಭೈರಪ್ಪನವರ ಏರ್ಪಾಡಿಗಿಂತ ಸೂಕ್ಷ್ಮವಾದುದೆಂದು ಒಪ್ಪಲೇಬೇಕು. ಅನಂತಮೂರ್ತಿಯವರು ಸ್ವತಃ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡಿ ೧೯೬೬ರಲ್ಲಿ ಡಾಕ್ಟರೇಟ್ ಪಡೆದವರು. ಅಗ್ರಹಾರದ ಕಥೆಯಾದ 'ಸಂಸ್ಕಾರ'ವನ್ನು ಅವರು ಬರೆದದ್ದು ಆ ದೂರದ ನಾಡಿನಲ್ಲಿ. ವಿದೇಶದಿಂದ ಬಂದವನ ಕಥೆಯನ್ನು ಬರೆದದ್ದು ಮರಳಿದ ಮೇಲೆ. ದೂರದಲ್ಲಿದ್ದಾಗ ಊರನ್ನೂ ಊರಲ್ಲಿದ್ದಾಗ ದೂರವನ್ನೂ ನೋಡಬಲ್ಲ ಈ ದೃಷ್ಟಿ ಅವರ ಬರವಣಿಗೆಯ ಬಲ.

ಜಗನ್ನಾಥನು ಮನೆಯ ಸಾಲಿಗ್ರಾಮವನ್ನು ಹೊರಗೆ ತಂದು ಹೊಲೆಯರ ಹುಡುಗರಿಂದ ಮುಟ್ಟಿಸುವ ಪ್ರಸಂಗವು ಕನ್ನಡ ಕಾದಂಬರಿಯ ಅತ್ಯಂತ ನಿಷ್ಠುರವಾದ ಪುಟಗಳಲ್ಲಿ ಒಂದು. ಅವರು ಅಳುಕಿ ಹಿಂದೆ ಸರಿಯುತ್ತಾರೆ. ಇವನು ಸಿಟ್ಟಿನಿಂದ ಒತ್ತಾಯಪಡಿಸುತ್ತಾನೆ. ಅವರು ಮುಟ್ಟುವ ಹೊತ್ತಿಗೆ, ಬಿಡುಗಡೆ ಮಾಡಹೊರಟವನು ಅಪ್ಪಣೆ ಮಾಡುವ ಧಣಿಯಾಗಿ ನಿಂತಿರುತ್ತಾನೆ. ಸಾಲಿಗ್ರಾಮವು ಬರಿಯ ಕಲ್ಲೆಂದು ತೋರಿಸಹೊರಟ ಕೃತ್ಯವು ಮನುಷ್ಯರನ್ನೇ ಕಲ್ಲಾಗಿ ಕಾಣುವ ಕೃತ್ಯವಾಗುತ್ತದೆ. ಮರಳಿ ಬಂದವನ ಸುಧಾರಣೆಯಲ್ಲಿ ಸ್ವಂತದ ಅಗತ್ಯ ಎಷ್ಟು, ಇತರರ ಅಗತ್ಯ ಎಷ್ಟು ಎಂಬುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೂಗಿದ ಪ್ರಸಂಗ ನಮ್ಮಲ್ಲಿ ಇನ್ನೊಂದು ಸಿಗುವುದು ಕಷ್ಟ. ಇನ್ನೂ ಒಂದು ವ್ಯಂಗ್ಯವುಂಟು. ಕೊನೆಯಲ್ಲಿ ಮಂಜುನಾಥನ ವಿಗ್ರಹವನ್ನು ಕಿತ್ತು ಹೊಳೆಗೆ ಎಸೆಯುವವನು ಇಂಗ್ಲೆಂಡಿಗೆ ಹೋಗಿಬಂದ ಜಗನ್ನಾಥನಲ್ಲ, ಊರು ಬಿಟ್ಟು ಹೋಗದ ಅರ್ಚಕರ ಮಗ. ಉಳಿದವನು ಹೋದವನಿಗಿಂತ ದೂರ ನಡೆದಿರಬಹುದೆಂಬ ಸೂಚನೆ ಇಲ್ಲಿದೆ. ಆದರೆ ಸೂಚನೆಯಷ್ಟೇ. ಆ ಯುವಕನ ವರ್ಷಗಳ ಒಳಗುದಿಯನ್ನು ನಾವು ಜಗನ್ನಾಥನ ಒಳಗುದಿಯಷ್ಟು ಹತ್ತಿರದಿಂದ ಕಾಣುವುದಿಲ್ಲ.

೩

ಮೇಲೆ ಹೇಳಿದ ಸಮಾನವಾದ ಕೊರತೆ ಯಾವುದೆಂಬುದನ್ನು ಈಗ ವಿಶದಪಡಿಸಬಹುದು. ಕಾಳಿಂಗನೂ ಜಗನ್ನಾಥನೂ ತಮ್ಮ ಮನೆಗಳ ಏಕೈಕ ವಾರಸುದಾರರು. ಮನೆಯೂ ಜಮೀನೂ ಅವರಿಗಾಗಿ ಕಾದಿವೆ. ಜೊತೆಗೆ ಹುಟ್ಟಿ, ಹೋಗದೆ ಉಳಿದು, ಮುದುಕರನ್ನು ನೋಡಿಕೊಂಡು, ಗದ್ದೆಯನ್ನು ಮಾಡಿಸಿ, "ಇದು ನನ್ನದೂ ಹೌದು" ಎನ್ನಬಲ್ಲ ಅಣ್ಣನಾಗಲಿ ತಮ್ಮನಾಗಲಿ ಇಲ್ಲ. ಕಾಳಿಂಗನಿಗೆ ಹಳ್ಳಿಯಲ್ಲಿ ಪುರೋಹಿತರ ಮನೆಯ ಬಾಲ್ಯದ ಗೆಳೆಯನಿದ್ದಾನೆ. ಅವನು ಧರ್ಮದ ಪರವಾಗಿ ವಾದಿಸಬಲ್ಲನೇ ಹೊರತು ಮನೆಯ ಮೇಲೆ ಹಕ್ಕು ಹೇಳಲಾರ. ಜಗನ್ನಾಥನ ಮನೆಯಲ್ಲಿ ಚಿಕ್ಕಿಯಿದ್ದಾಳೆ. ಆಕೆಯ ನೋವು ನಮಗೆ ತಟ್ಟುತ್ತದೆ, ಆದರೆ ಅವನಿಲ್ಲದ ವರ್ಷಗಳಲ್ಲಿ ಆಕೆ ಬಾಳಿದ ಬಾಳು ಕಥೆಯ ಮುಖ್ಯ ವಿಷಯವಾಗುವುದಿಲ್ಲ. ಹೀಗಾಗಿ ಎರಡು ಕೃತಿಗಳಲ್ಲಿಯೂ ನಾಯಕನ ಎದುರಾಳಿ ಸಂಪ್ರದಾಯ: ಒಂದು ಕಡೆ ಗೋವು, ಇನ್ನೊಂದು ಕಡೆ ಸಾಲಿಗ್ರಾಮ. ಅದೇ ವರ್ಷಗಳನ್ನು ಬೇರೆ ರೀತಿಯಲ್ಲಿ ಕಳೆದ ಸಮಾನ ಮನುಷ್ಯನೊಬ್ಬನು ಅವನಿಗೆ ಎದುರಾಗುವುದಿಲ್ಲ. ಸಂಪ್ರದಾಯಕ್ಕೆ ವಯಸ್ಸಾಗುವುದಿಲ್ಲ, ಅದು ಬಿಟ್ಟುಹೋದಾಗ ಹೇಗಿತ್ತೋ ಹಾಗೆಯೇ ಕಾಯುತ್ತಿರುವಂತೆ ತೋರುತ್ತದೆ. ಮನುಷ್ಯರು ಹಾಗಲ್ಲ. ಮನೆಯೂ ತನ್ನಂತೆ ಈ ವರ್ಷಗಳಲ್ಲಿ ಪ್ರಯಾಣ ಮಾಡಿದೆಯೆಂಬ ಅರಿವಿಲ್ಲದೆ ಮರಳುವಿಕೆ ಪೂರ್ಣವಾಗದು.

ಈ ಅರಿವು ನಮ್ಮ ಪರಂಪರೆಗೆ ಹೊಸದಲ್ಲ. ಮರಳುವಿಕೆಯ ಮಹಾಕಥೆಯಾದ ರಾಮಾಯಣವನ್ನು ನೆನೆಯೋಣ. ಹದಿನಾಲ್ಕು ವರ್ಷಗಳು ಮುಗಿದು ಭರದ್ವಾಜರ ಆಶ್ರಮಕ್ಕೆ ಬಂದ ವಾಲ್ಮೀಕಿಯ ರಾಮನು ನೇರವಾಗಿ ಅಯೋಧ್ಯೆಗೆ ನುಗ್ಗುವುದಿಲ್ಲ. ಹನುಮಂತನನ್ನು ಮುಂದಾಗಿ ಕಳುಹಿಸಿ, ತಾನು ಬರುವ ಸುದ್ದಿಯನ್ನು ಕೇಳಿದ ಭರತನ ಮುಖವರ್ಣವನ್ನೂ ನೋಟವನ್ನೂ ಮಾತನ್ನೂ ಗಮನಿಸಿ ಬರಲು ಹೇಳುತ್ತಾನೆ. ಬಹುಕಾಲ ಆಳಿದ ಭರತನಿಗೆ ರಾಜ್ಯದಲ್ಲಿ ಮನಸ್ಸಿದ್ದರೆ ಅವನೇ ಆಳಲಿ ಎಂಬುದು ರಾಮನ ಇಂಗಿತ. ಇದನ್ನು ಸಂಶಯವೆಂದು ಓದುವವರಿದ್ದಾರೆ. ನಮಗಾದರೋ ಇದು ಮರಳುವವನ ಪರಮ ಸೌಜನ್ಯವೆಂದು ತೋರುತ್ತದೆ. ತಾನಿಲ್ಲದ ವರ್ಷಗಳು ಉಳಿದವನ ಬಾಳಿನಲ್ಲಿ ನಿಜವಾದ ವರ್ಷಗಳೆಂದು, ಅವುಗಳಿಂದ ಅವನಿಗೂ ಒಂದು ಹಕ್ಕು ಹುಟ್ಟಿರಬಹುದೆಂದು ರಾಮನು ಒಪ್ಪಿಕೊಂಡಿದ್ದಾನೆ. ಭರತನು ಪಾದುಕೆಗಳನ್ನು ಒಪ್ಪಿಸುವಾಗ ರಾಜ್ಯದ ಲೆಕ್ಕವನ್ನೂ ಒಪ್ಪಿಸುತ್ತಾನೆ. ಬೊಕ್ಕಸ, ಕಣಜ, ಸೈನ್ಯಗಳು ಹತ್ತು ಮಡಿಯಾಗಿವೆಯೆಂದು ತಿಳಿಸುತ್ತಾನೆ. ಪಟ್ಟಾಭಿಷೇಕಕ್ಕೆ ಮೊದಲು ನಡೆಯುವ ಈ ಎರಡು ಕಾರ್ಯಗಳಲ್ಲಿ, ಒಬ್ಬನ ವಿಚಾರಣೆಯಲ್ಲಿ ಮತ್ತು ಇನ್ನೊಬ್ಬನ ಲೆಕ್ಕದಲ್ಲಿ, ಮರಳುವಿಕೆ ಪೂರ್ಣವಾಗುತ್ತದೆ.

ಈ ಮಾನದಂಡದಿಂದ ನೋಡಿದರೆ, ವಿದೇಶದ ಮಾತೇ ಇಲ್ಲದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ನಮ್ಮ ಶ್ರೇಷ್ಠ ಮರಳುವಿಕೆಯ ಕಾದಂಬರಿಯಾಗುತ್ತದೆ. ೧೯೪೦ರ ದಶಕದ ಆರಂಭದ ಈ ಕೃತಿಯಲ್ಲಿ ಐತಾಳರ ಮನೆತನದ ಮೂರನೆಯ ತಲೆಯ ರಾಮನು ಓದಿಗಾಗಿ ಮದರಾಸಿಗೂ ಹೊಟ್ಟೆಪಾಡಿಗಾಗಿ ಮುಂಬಯಿಗೂ ಹೋಗಿ ಕಡಲತಡಿಯ ಹಳ್ಳಿಗೆ ಹಿಂದಿರುಗುತ್ತಾನೆ. ಆದರೆ ಅವನು ಬರುವ ಹೊತ್ತಿಗೆ ಓದುಗರು ಆ ಮನೆಯನ್ನು ಅವನಿಗಿಂತ ಚೆನ್ನಾಗಿ ಬಲ್ಲರು. ಪಾರೋತಿ, ಸತ್ಯಭಾಮೆ, ಸರಸೋತಿ, ನಾಗವೇಣಿ ಈ ಹೆಂಗಸರು ಗದ್ದೆಯಲ್ಲಿಯೂ ಒಲೆಯ ಮುಂದೆಯೂ ಸವೆಸಿದ ದಿನಗಳನ್ನು ಕಾರಂತರು ಪುಟ ಪುಟಗಳಲ್ಲಿ ತುಂಬಿಟ್ಟಿದ್ದಾರೆ. ಉಳಿದವರ ಕಥೆ ಮೊದಲು, ಮರಳಿದವನ ಕಥೆ ಆಮೇಲೆ. ರಾಮನಿಗೆ ಊರಿನ ಮುಂದೆ ಸಾಧಿಸಿ ತೋರಿಸಬೇಕಾದ ಸಿದ್ಧಾಂತವಿಲ್ಲ. ತಾಯಿ ಹೊತ್ತ ಹೊರೆಗೆ ಹೆಗಲು ಕೊಡುವ ಕೆಲಸವಿದೆ. ಆದುದರಿಂದಲೇ ಅವನ ಮರಳುವಿಕೆ ನಂಬಿಕೆಗೆ ಅರ್ಹವಾಗುತ್ತದೆ. ನಡುವಿನ ಮೂರು ದಶಕಗಳಲ್ಲಿ ವಿಚಾರದ ಕಾವು ಏರಿದಂತೆ ನಮ್ಮ ಕಾದಂಬರಿಯು ಕಾರಂತರ ಈ ಪಾಠವನ್ನು ಹಿಂದೆ ಬಿಟ್ಟಿತೆಂದೇ ತೋರುತ್ತದೆ.

೪

ಈ ಕೊರತೆಗೆ ಲೇಖಕರ ದೃಷ್ಟಿಯೊಂದೇ ಕಾರಣವೆನ್ನುವುದು ನ್ಯಾಯವಲ್ಲ, ಕಾಲವೂ ಕಾರಣ. ಸಿದ್ಧಾಂತಕ್ಕಾಗಿ ಮನೆಯನ್ನೇ ಒತ್ತೆಯಿಡಬಲ್ಲ ನಾಯಕನಿಗೆ ಹಿಂದೆ ಜಮೀನಿನ ಆಸರೆ ಬೇಕು. 'ಭಾರತೀಪುರ' ಬಂದ ಮರುವರ್ಷವೇ, ಎಂದರೆ ೧೯೭೪ರ ಮಾರ್ಚ್ ೧ರಿಂದ, ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿಯ ಜಮೀನುಗಳು ಸರಕಾರಕ್ಕೆ ಸೇರಿದವು. ಉಳುವ ಗೇಣಿದಾರನಿಗೆ ಒಡೆತನದ ಹಾದಿ ತೆರೆಯಿತು. ಗೇಣಿಯ ಬಲದಿಂದ ನಿಂತಿದ್ದ ಜಗನ್ನಾಥನಂಥ ಧಣಿಯ ಕಾಲ ಅಲ್ಲಿಗೆ ಮುಗಿಯಿತು. ಅದೇ ದಶಕದಲ್ಲಿ, ೧೯೭೩ರ ತೈಲದ ಬೆಲೆಯೇರಿಕೆಯ ತರುವಾಯ, ಕೊಲ್ಲಿಯ ದೇಶಗಳಿಗೆ ಹೋಗುವವರ ಸಂಖ್ಯೆ ಬೆಳೆಯಿತು. ಕನ್ನಡ ಕರಾವಳಿಯಿಂದಲೂ ಅನೇಕರು ಹೋದರು. ಇವರು ಜಮೀನಿದ್ದು ಓದಲು ಹೋದವರಲ್ಲ. ಜಮೀನು ಸಾಲದೆ ದುಡಿಯಲು ಹೋದವರು. ಆ ನಾಡುಗಳಲ್ಲಿ ವಾಸವು ಉದ್ಯೋಗಕ್ಕೆ ಕಟ್ಟುಬಿದ್ದದ್ದು. ಪೌರತ್ವವೆಂಬುದು ಸಾಮಾನ್ಯವಾಗಿ ಎಟಕದ ಮಾತು. ಆದ್ದರಿಂದ ಮರಳುವುದು ಇವರ ಮಟ್ಟಿಗೆ ಆಯ್ಕೆಯಲ್ಲ, ಒಪ್ಪಂದದ ಕೊನೆಯ ಷರತ್ತು. ೧೯೯೦ರಲ್ಲಿ ಇರಾಕು ಕುವೈತನ್ನು ಆಕ್ರಮಿಸಿದಾಗ ಸುಮಾರು ೧ ಲಕ್ಷ ೭೦ ಸಾವಿರ ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಎಷ್ಟೋ ಜನರಿಗೆ ಪೆಟ್ಟಿಗೆ ಕಟ್ಟಲೂ ಸಮಯವಿರಲಿಲ್ಲ.

ಇಂಥವನು ಮರಳಿದಾಗ ಅವನ ಎದುರಿಗೆ ಸಾಲಿಗ್ರಾಮದ ಪ್ರಶ್ನೆ ಬರುವುದಿಲ್ಲ. ತಿಂಗಳು ತಿಂಗಳೂ ಅವನು ಕಳುಹಿಸಿದ ಹಣದಿಂದ ಎದ್ದ ಮನೆಯಲ್ಲಿ ಅವನಿಗೆ ಹಾಸಿಗೆ ಹಾಕುವ ಜಾಗ ಯಾವುದೆಂಬ ಪ್ರಶ್ನೆ ಬರುತ್ತದೆ. ಮಕ್ಕಳಿಗೆ ಅವನು ರಜೆಯಲ್ಲಿ ಬರುವ ಅತಿಥಿ. ಅವರನ್ನು ಗದರಿಸುವ ಹಕ್ಕು ತನಗಿನ್ನೂ ಇದೆಯೆ ಎಂದು ಅವನು ಅಳುಕುತ್ತಾನೆ. ಮನೆವಾರ್ತೆಯನ್ನು ಒಬ್ಬಳೇ ನಡೆಸಿ, ಬ್ಯಾಂಕಿಗೂ ಕಚೇರಿಗೂ ಓಡಾಡಿ ಪಳಗಿದ ಹೆಂಡತಿ ಈಗ ಚೆಕ್ ಪುಸ್ತಕವನ್ನು ಯಾರ ಕೈಗೆ ಕೊಡಬೇಕು? ತಾಯಿಯ ಕೊನೆಗಾಲದಲ್ಲಿ ಎದ್ದು ಕೂರಿಸಿದವನು ತಮ್ಮ. ಆಸ್ಪತ್ರೆಯ ಹಣ ಕಟ್ಟಿದವನು ಅಣ್ಣ. ಇವರಲ್ಲಿ ಹೆಚ್ಚು ಕೊಟ್ಟವನಾರು? ಪಾಲುಪಟ್ಟಿಯ ಮಾತು ಎದ್ದಾಗ ಈ ಲೆಕ್ಕ ಹಣದ ಭಾಷೆಯಲ್ಲಿ ಹೊರಬೀಳುತ್ತದೆ. ಆದರೆ ಅದು ಹಣದ ಲೆಕ್ಕವಲ್ಲವೆಂದು ಕಾಗದಪತ್ರಗಳನ್ನು ನೋಡುವ ನಮ್ಮಂಥವರಿಗೂ ಅರಿವಾಗುತ್ತದೆ. ಗೋವಿನ ವಿವಾದಕ್ಕಿಂತ, ಸಾಲಿಗ್ರಾಮದ ವಿವಾದಕ್ಕಿಂತ ಇದು ಸಣ್ಣ ವಸ್ತುವೆಂದು ಯಾವ ಕಾದಂಬರಿಕಾರನೂ ಭಾವಿಸಬೇಕಾಗಿಲ್ಲ.

೫

ಹೊರನಾಡಿನಲ್ಲಿರುವ ನಮಗೆ ಈ ವಿಚಾರವು ವಿಶೇಷವಾಗಿ ಸಲ್ಲುತ್ತದೆ. ನಾವು ಕಡಲು ದಾಟಿದವರಲ್ಲ, ನಿಜ. ಆದರೂ ನಮ್ಮಲ್ಲಿ ಅನೇಕರ ಮಕ್ಕಳು ದಾಟಿದ್ದಾರೆ. ನಾವೋ ಊರಿಗೂ ಮುಂಬಯಿಗೂ ನಡುವೆ ಅರ್ಧ ಮರಳಿದವರಾಗಿ ಬಾಳುತ್ತಿದ್ದೇವೆ. ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿದ ಯಶವಂತ ಚಿತ್ತಾಲರು ಬರವಣಿಗೆಯಲ್ಲಿ ಮತ್ತೆ ಮತ್ತೆ ಹನೇಹಳ್ಳಿಗೆ ಹೋದರು. ಕಲ್ಪನೆಯಿಂದ ಮರಳುವ ಅಂಥ ಪ್ರತಿಭೆ ನಮಗೆಲ್ಲ ಇಲ್ಲ. ನಾವು ಸಾಮಾನ್ಯವಾಗಿ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಬಿಟ್ಟುಬಂದ ದಿನದ ಊರನ್ನು. ನಿವೃತ್ತಿಯ ಬಳಿಕ ಅಲ್ಲಿಗೆ ಹೋಗಿ, ಊರು ಕೆಟ್ಟಿತೆಂದೋ ಕನ್ನಡ ಕೆಟ್ಟಿತೆಂದೋ ತೀರ್ಪು ಕೊಡುವುದು ನಮ್ಮವರ ಒಂದು ರೂಢಿಯೇ ಆಗಿದೆ. ಆ ತೀರ್ಪಿನಲ್ಲಿ ಜಗನ್ನಾಥನ ಅಂಶವೂ ಕಾಳಿಂಗನ ಅಂಶವೂ ಸೇರಿಕೊಂಡಿರುತ್ತವೆ. ಅಲ್ಲಿ ಉಳಿದವರು ಇಷ್ಟು ವರ್ಷ ಏನು ಮಾಡಿದರೆಂದು ನಾವು ಕೇಳುವುದು ಕಡಿಮೆ.

ಹಾಗೆಂದು ಮರಳಿದವನು ಕಂಡದ್ದನ್ನು ಆಡದೆ ಬಾಯಿ ಮುಚ್ಚಿಕೊಂಡಿರಬೇಕೆಂದು ನಮ್ಮ ವಾದವಲ್ಲ. ಹೊರಗೆ ಹೋದವನ ಕಣ್ಣಿಗೆ ಒಳಗಿನವರು ಕಾಣದ ಅನ್ಯಾಯಗಳು ಕಾಣುತ್ತವೆ. ಜಗನ್ನಾಥನು ಕಂಡ ಅಸ್ಪೃಶ್ಯತೆ ಸುಳ್ಳಲ್ಲ. ಅದನ್ನು ಎತ್ತಿ ಹೇಳಲು ಅವನಿಗೆ ಅಧಿಕಾರವೂ ಇದೆ. ಅವನು ತಪ್ಪಿದ್ದು ಕಂಡದ್ದರಲ್ಲಲ್ಲ, ಯಾರಿಗಾಗಿ ಕಂಡನೋ ಅವರನ್ನು ಕೇಳದೆ ಇದ್ದುದರಲ್ಲಿ. ಹನುಮಂತನನ್ನು ಮುಂದೆ ಕಳುಹಿಸುವ ತಾಳ್ಮೆ ಅವನಲ್ಲಿರಲಿಲ್ಲ.

ಮರಳಿದವನು ಮರಳಿದಂತಾಗುವುದು ಯಾವಾಗ ಎಂಬ ಪ್ರಶ್ನೆಗೆ ನಮ್ಮ ಕಾದಂಬರಿಗಳನ್ನು ಹಿಡಿದು ಕೊಡಬಹುದಾದ ಉತ್ತರ ಇದು: ಉಳಿದವನ ಲೆಕ್ಕವನ್ನು ಅವನು ಪೂರ್ತಿಯಾಗಿ ಕೇಳಿದ ದಿನ, ತನ್ನ ಲೆಕ್ಕವನ್ನೂ, ಗಳಿಸಿದ್ದರ ಜೊತೆಗೆ ಕಳೆದುಕೊಂಡದ್ದನ್ನೂ, ಅವನ ಮುಂದೆ ಇಟ್ಟ ದಿನ. ಆ ದಿನದವರೆಗೆ ಅವನು ನಿವಾಸಿ. ಆದರೆ ಸಾಮಾನ್ಯ ನಿವಾಸಿಯಲ್ಲ. ಅಂಥ ಒಂದು ದಿನವನ್ನು ಕೇಂದ್ರದಲ್ಲಿಟ್ಟು ಬರೆದ ಕನ್ನಡ ಕಾದಂಬರಿಗಾಗಿ, ಅದರಲ್ಲಿಯೂ ಉಳಿದ ತಮ್ಮನ ಬಾಯಿಂದ ಹೇಳಿಸಿದ ಕಾದಂಬರಿಗಾಗಿ, ನಾವು ಕಾದಿದ್ದೇವೆ.